ಕೆರೆಯ ಕೆಂಪು ಹೂಳು

ಗಾದಿಗನೂರು
೧೨ ಸೆಪ್ಟೆಂಬರ್ ೨೦೦೬

ನನ್ನ ಅವ್ವಾ,

ನಿನ್ನ ಸೊಂಟನೋವು ಹೇಗಿದೆ? ಕಂಪ್ಲಿಯ ನೀರು ಒಗ್ಗಿತೇ? ಅಕ್ಕನ ಬಾಣಂತನ ಮಾಡಲು ಹೋದವಳು ಅವರ ಮನೆಯ ಪಾತ್ರೆಯನ್ನೆಲ್ಲ ನೀನೇ ತಿಕ್ಕಬೇಡ. ಪಂಪಾವತಿ ಅಕ್ಕಾ, ಅವ್ವನಿಗೆ ಕಾಗದ ಓದಿ ಹೇಳುವಾಗ ನಾನು ಬೈದಿರುವ ಕಡೆ ಹಾರಿಸಬೇಡ. ಈ ಸಲ ಬೈಗುಳವೇ ಜಾಸ್ತಿ.

ಅವ್ವಾ, ನಮ್ಮ ಜೋಳ ಮೊಣಕಾಲುದ್ದ ಬೆಳೆದು ಅಲ್ಲಿಗೇ ನಿಂತುಬಿಟ್ಟಿದೆ. ಮಳೆ ಚೆನ್ನಾಗಿಯೇ ಆಗಿದೆ. ಬೇಸಿಗೆಯಲ್ಲಿ ನಾನೂ ಗಾಳೆಪ್ಪ ದೊಡ್ಡಪ್ಪನೂ ಎಂದಿನಂತೆ ಕೆರೆಯ ಹೂಳು ಹೇರಿ ಹೊಲಕ್ಕೆ ಹರಡಿದೆವಲ್ಲ, ಅದೇ ಕೊಂದದ್ದು. ಮೊದಲೆಲ್ಲ ಗುಡ್ಡದ ಉದುರೆಲೆ, ಕೊಳೆತ ಹುಲ್ಲು, ಆಡಿನ ಹಿಕ್ಕೆ ಮಳೆನೀರಿನೊಂದಿಗೆ ಕೆರೆಗಿಳಿದು ಕಪ್ಪು ಹೂಳಾಗುತ್ತಿತ್ತು. ಆ ಹೂಳು ಉಂಡು ಜೋಳ ಬೆಳೆಯುತ್ತಿತ್ತು, ಅದರ ದಂಟು ಸೊಪ್ಪೆಯಾಗಿ ಎತ್ತಿನ ಹೊಟ್ಟೆಗೆ ಹೋಗಿ, ಸಗಣಿಯಾಗಿ ಮತ್ತೆ ಹೊಲಕ್ಕೇ ಬರುತ್ತಿತ್ತು. ಈಗ ಗುಡ್ಡದಲ್ಲಿ ಎಲೆ ಎಲ್ಲಿದೆ? ಗಣಿಯವರು ಚರ್ಮ ಸುಲಿದಂತೆ ಸುಲಿದಿದ್ದಾರೆ. ಕೆರೆಗೆ ಬರುವುದು ಬರೀ ಅದಿರಿನ ಪುಡಿ. ಹೂಳು ಕೆಂಪಗಿದ್ದುದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಕೆರೆಯದ್ದು ಅಂದಮೇಲೆ ಗೊಬ್ಬರವೇ ಎಂದು ಇಡೀ ಊರು ಹೇರಿತು. ಈಗ ನೆಲ ಹಂಚಿನಂತೆ ಬಿಗಿದಿದೆ, ಬೇರು ಇಳಿಯುತ್ತಿಲ್ಲ. ಸಾಲದ್ದಕ್ಕೆ ಲಾರಿಗಳ ಧೂಳು. ಗಿಡ ಬಿಸಿಲಿನಿಂದ ಅಡುಗೆ ಮಾಡಿಕೊಳ್ಳುತ್ತದೆ ಎಂದು ಏಳನೇ ಕ್ಲಾಸಿನಲ್ಲಿ ಹೇಳಿದ್ದರು. ಶಾಲೆ ಬಿಟ್ಟೆ, ಅದನ್ನು ಮರೆತಿಲ್ಲ. ಎಲೆಯ ಮೇಲೆ ಬೆರಳೆಳೆದರೆ ಗೆರೆ ಮೂಡುತ್ತದೆ, ಬಿಸಿಲು ಅದನ್ನು ಮುಟ್ಟುವುದು ಹೇಗೆ? ಎತ್ತು ಮೂಸಿ ಮುಖ ತಿರುಗಿಸುತ್ತದೆ.

ಗಣಿಯ ಸೂಪರ್‌ವೈಸರ್ ಊರಿಗೆ ಬಂದಾಗ ಒಂದು ಗಿಡ ಕಿತ್ತು ಅವನ ಜೀಪಿನ ಮೇಲಿಟ್ಟೆ. "ಯೂರಿಯಾ ಹಾಕ್ರಿ, ಹಸಿರಾಗ್ತದ" ಅಂದ. "ಮದ್ಲ ನೀವು ತಿನ್ರಿ, ಹಸಿರಾಗ್ತೀರೇನು ನೋಡೂಣು" ಅಂದೆ. ಜನ ನಕ್ಕರು. ಹೂಳೇ ಹೊಲ ಕೆಡಿಸಿದ್ದು ಎಂದೂ ನಾನು ಹೇಳಿದ್ದಕ್ಕೆ ದೊಡ್ಡಪ್ಪ ಮಾತ್ರ, "ಬಾಯಿ ಮುಚ್ಚಲೇ, ಸಾಲಿ ಬಿಟ್ಟಾಂವ ನನಗ ಒಕ್ಕಲುತನ ಕಲಸ್ತೀಯೇನು?" ಎಂದು ಎಲ್ಲರೆದುರು ರೇಗಿದ. ಬೆಳೆಯದ ಹೊಲವನ್ನು ಅದಿರು ರಾಶಿ ಹಾಕಲು ಗಣಿಯವರಿಗೇ ಕೊಟ್ಟುಬಿಡೋಣ ಅನ್ನುತ್ತಾನೆ. ನನಗೆ ಮೈ ಉರಿಯುವುದು ಅದಕ್ಕೇ. ಕೆಡಿಸಿದವರ ಕೈಗೇ, ಕೆಟ್ಟಿದೆ ತಗೊಳ್ರಿ ಎಂದು ಒಪ್ಪಿಸಬೇಕೇ?

ಕುರಿಗಾರ ಮೂಕಣ್ಣನನ್ನು ಕೇಳಿದೆ. "ಆ ಕೆಂಪು ಪದರ ಕೆರೆದು ತಗಿಯಪ, ಬ್ಯಾಸಿಗ್ಯಾಗ ನಿಮ್ಮ ಹೊಲದಾಗ ಕುರಿ ತರುಬ್ತೀನಿ. ಹೊಳಿದಂಡಿ ಹುಲ್ಲು ತಿಂದ ಕುರಿ, ಈ ಗುಡ್ಡದ್ದಲ್ಲ" ಅಂದ. ಹಿಂಡು ಹೊಲದಲ್ಲಿ ಮಲಗಿ ಎದ್ದರೆ ಹಿಕ್ಕೆ ಗಂಜಲವೆಲ್ಲ ನೆಲಕ್ಕೇ ಅಲ್ಲವೇ. ಜೋಳ ಕಿತ್ತು, ಸಲಿಕೆ ಹಿಡಿದು ಒಂದು ಮೂಲೆ ಕೆರೆದಿದ್ದೇನೆ. ಅಡಿಯಲ್ಲಿ ನಮ್ಮ ಕರಿಮಣ್ಣು ಹಾಗೇ ಇದೆ. ಒಂದು ಎರೆಹುಳುವೂ ಕಂಡಿತು, ಒಂದೇ. ಹೊಲ ಪೂರ್ತಿ ಸುಧಾರಿಸುತ್ತದೆ ಎಂದು ನಿನಗೆ ಸುಳ್ಳು ಹೇಳಲಾರೆ. ಆದರೆ ಸತ್ತಿಲ್ಲ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಕೂಸಿಗೆ ಮುತ್ತು ಕೊಡು.

ನಿನ್ನ ಸಿಡುಕ ಮಗ,
ಗಾದಿಲಿಂಗ

ತಾ.ಕ.: ದೊಡ್ಡಪ್ಪ ಶುಕ್ರವಾರ ಕೂಸಿಗೆ ಅಂಗಿ ಕುಲಾಯಿ ಹಿಡಿದು ಅಲ್ಲಿಗೆ ಬರುತ್ತಾನೆ. ಜೇಬಿನಲ್ಲಿ ಗಣಿಯವರ ಕರಾರುಪತ್ರವೂ ಇರುತ್ತದೆ. ಅಪ್ಪ ಹೋದಮೇಲೆ ಹೊಲ ನಿನ್ನ ಹೆಸರಿಗಿದೆ, ನೀನು ಒಪ್ಪದೆ ಯಾರೂ ಏನೂ ಮಾಡಲಾರರು. ಉಣ್ಣಲು ಹಾಕು, ಕುಲಾಯಿ ಇಸಿದುಕೋ. ಹೆಬ್ಬೆಟ್ಟು ಮಾತ್ರ ಒತ್ತಬೇಡವ್ವಾ.