ಕೊನೆಯವರ ಕೋಲಿನ ಸದ್ದು

ಪುರಸಭೆಯ ಶ್ರೀ ಹಾರ್ಯು ಅವರಿಗೆ,

ನಮ್ಮ ಈ ಉತ್ತರದ ಚಳಿನಾಡಿನಲ್ಲಿ ಮಧ್ಯಾಹ್ನವೇ ಕತ್ತಲಾಗುವ ನವೆಂಬರಿನಲ್ಲಿ, ಉಳಿತಾಯವೆಂದು ನೀವು ಸರೋವರದ ಕಾಲುದಾರಿಯ ದೀಪಗಳನ್ನು ಆರಿಸಿದಿರಿ. ನನ್ನಜ್ಜಿಯ ಗೆಳತಿ ಹಿಲ್ಕಜ್ಜಿ ದಾರಿ ತಪ್ಪಿ ನೀರಿಗೆ ಬಿದ್ದು ಸತ್ತರು. ಇದು ಅನ್ಯಾಯ.

ಬೆಳಕು ಎಲ್ಲರ ಹಕ್ಕೆಂದು ನಾನು ಓದಿದ ಕರಪತ್ರಗಳೆಲ್ಲ ಹೇಳುತ್ತವೆ. ನಾನು ಮುಂದೆ ಹೇಳುವುದು ಮಾತ್ರ ಅವು ಯಾವುದರಲ್ಲೂ ಇಲ್ಲ.

ಎರಡೂ ಕೈಯಲ್ಲಿ ಒಂದೊಂದು ಕೋಲು ಊರಿಕೊಂಡು ವ್ಯಾಯಾಮಕ್ಕೆ ನಡೆಯುವ ನಮ್ಮ ಕೋಲುನಡಿಗೆಯ ಗುಂಪಿನಲ್ಲಿ ಹಿಲ್ಕಜ್ಜಿ ಯಾವಾಗಲೂ ಕೊನೆಯವರು. ಎಲ್ಲರೂ ಬಂದೆವೆಂದು ತಿಳಿಸಲು ಕೊನೆಯವರು ಎರಡೂ ಕೋಲುಗಳನ್ನು ಒಂದಕ್ಕೊಂದು ತಟ್ಟಬೇಕು. ಆ ಸದ್ದು ಈಗಲೂ ಕೇಳುತ್ತದೆ. ಆದರೆ ಹಿಂದಿನಿಂದಲ್ಲ, ಮುಂದಿನಿಂದ, ಸರೋವರದ ಕಡೆಯಿಂದ.

ನಿನ್ನೆ ನನ್ನಜ್ಜಿ ತ್ಯೂನೆ ಅದನ್ನು ಕೇಳಿ ನಕ್ಕರು. "ಕೇಳಿಸ್ತೇನೇ ಪುಟ್ಟೀ? ಆ ಸೋಮಾರಿ ಹಿಲ್ಕ ಇವತ್ತು ನಮಗಿಂತ ಮುಂದೆ ಹೋಗ್ಬಿಟ್ಟಿದ್ದಾಳೆ! ಬೇಗ ಬೇಗ ಕಾಲು ಹಾಕು."

"ಅದು ನೀರು ಕಣಜ್ಜೀ!" ಎಂದು ತೋಳು ಹಿಡಿದೆಳೆದೆ. ಅವರ ಕೋಲುಗಳು ಆಗಲೇ ದಡದ ತೆಳು ಮಂಜುಗಡ್ಡೆಯನ್ನು ಚುಚ್ಚಿದ್ದವು.

ಅಜ್ಜಿಯನ್ನು ಮನೆಯಲ್ಲಿ ಕೂಡಿಹಾಕಲಾರೆ. ಅವರ ಮೊಣಕಾಲಿಗೂ ಮನಸ್ಸಿಗೂ ಈ ನಡಿಗೆಯೇ ಮದ್ದು. ದೀಪ ಹಾಕಿಸಿ, ದಡವಾದರೂ ಕಾಣಲಿ. ಅಲ್ಲಿಯವರೆಗೆ ನೀವೂ ಬನ್ನಿ: ಅಜ್ಜಿಯ ಒಂದು ತೋಳನ್ನು ನಾನು ಹಿಡಿಯುತ್ತೇನೆ, ಇನ್ನೊಂದನ್ನು ನೀವು. ಗುರುವಾರ ಸಂಜೆ ಆರಕ್ಕೆ, ಆರಿದ ಮೊದಲ ದೀಪದ ಕಂಬದ ಬಳಿ.

ಕಾಯುತ್ತಿರುವ,
ತುಯಿಯಾ