ಕಿಟಕಿ ಪಕ್ಕದ ಹಸಿರು ಶಾಲು

ಜನವರಿ 6, ಸೋಮವಾರ

ಇವತ್ತೂ ಅದೇ ಬಸ್ಸು, ಅದೇ ಮಂಜು. ಹಿಂದಿನ ಸೀಟಿನ ಮಹಾನುಭಾವ ಎಂದಿನಂತೆ ಫೋನನ್ನು ಸ್ಪೀಕರಿಗೆ ಹಾಕಿ ಭಾವನ ಜೊತೆ ಸೈಟಿನ ವ್ಯವಹಾರ ಮಾತಾಡಿದ. ಆ ಸೈಟಿನ ಉದ್ದಗಲ ಈಗ ಇಡೀ ಬಸ್ಸಿಗೆ ಬಾಯಿಪಾಠ. ಮುಂದಿನವನು ಉಗುರು ಕಡಿದು ಕಡಿದು ನೆಲಕ್ಕೆ ಉಗಿದ. ಬಾಗಿಲ ಹತ್ತಿರ ಒಬ್ಬಳು ಬೆನ್ನಿನ ಬ್ಯಾಗು ಇಳಿಸದೆ, ತಿರುಗಿದಾಗಲೆಲ್ಲ ಯಾರದೋ ಮೂತಿಗೆ ತಾಗಿಸುತ್ತಿದ್ದಳು. ಎಲ್ಲರಿಗೂ ಹೇಳಿದೆ. ಹೇಳಿದೆ ಅಂದರೆ — ಕೂಗಿದೆ. ಯಾರೂ ಕ್ಯಾರೇ ಅನ್ನಲಿಲ್ಲ. ಬಿಪಿ ಏರಿದ್ದು ನನಗೆ.

ಪಕ್ಕದಲ್ಲಿ, ಕಿಟಕಿ ಕಡೆ ಸೀಟಿನ ಮೇಲೆ, ನನ್ನ ಹೆಂಡತಿಯ ಹಸಿರು ಶಾಲು. ಮನೆ ಬಿಟ್ಟು ಹೋಗುವಾಗ ಮರೆತದ್ದು. ನೀರಿನ ಟ್ಯಾಂಕ್ ಸ್ಟಾಪಿನ ಎದುರಿಗೇ ಅವಳ ಅಕ್ಕನ ಮನೆ. ಕಳೆದ ತಿಂಗಳಿಂದ ಅಲ್ಲೇ ಇದ್ದಾಳೆ. ಅವಳ ಆಫೀಸಿಗೂ ಇದೇ ದಾರಿ. ಹತ್ತಿದರೆ ಕೂರಲು ಜಾಗ ಬೇಡವೇ? "ಇಲ್ಲಿ ಯಾರಾದ್ರೂ ಬರ್ತಾರಾ?" ಅಂತ ಕೇಳಿದವರಿಗೆಲ್ಲ "ಬರ್ತಾರೆ" ಅಂದೆ.

ಬರಲಿಲ್ಲ.

ಜನವರಿ 7, ಮಂಗಳವಾರ

ಅವಳ ಅಕ್ಕನಿಗೆ ಫೋನ್ ಮಾಡಿದೆ.

"ಚೆನ್ನಾಗಿದಾಳೆ. ಫೋನ್ ಕೊಡಲ್ಲ, ಬೇಡ ಅಂದಿದಾಳೆ."

"ಏನಾಯ್ತು ಅಂತ ಇಷ್ಟು ದಿನ..."

"ಏನಾಯ್ತಾ? ಸಿನಿಮಾ ಹಾಲಲ್ಲಿ ಎದ್ದು ನಿಂತು ಭಾಷಣ ಮಾಡಿದ್ದು ಯಾರು? ಹಿಂದಿನೋನು ಸೀಟಿಗೆ ಕಾಲು ತಾಗಿಸಿದ್ದಕ್ಕೆ ಸಿನಿಮಾನೇ ನಿಲ್ಲಿಸಿದ್ರಂತೆ! ಅವಳು ಮುಖ ಎಲ್ಲಿ ಇಟ್ಕೋಬೇಕು? ನಿಮ್ಮ ಜೊತೆ ಹೊರಗೆ ಬರೋದೂ ಒಂದೇ, ಕೋರ್ಟಿಗೆ ಹೋಗೋದೂ ಒಂದೇ ಅಂತಾಳೆ."

ಅವನದು ತಪ್ಪಲ್ಲವೇ ಅಂದೆ. ತಪ್ಪೇ ಅಂದರು. ಆದರೂ...

"ಒಂದೇ ಒಂದು ದಿನ ನೀವು ಹೊರಗಡೆ ಯಾರ ಮೇಲೂ ಹಾರಾಡದೆ ಇರೋದನ್ನ ಕಣ್ಣಾರೆ ನೋಡಿದ್ರೆ ವಾಪಸ್ ಬರ್ತಾಳಂತೆ. ಈಗ ನಿಮ್ಮ ಹಿಂದೆ ಬರೋ ಬಸ್ಸಿಗೆ ಹೋಗ್ತಾಳೆ. ಯಾವತ್ತೋ ನಿಮ್ಮ ಬಸ್ಸಿಗೂ ಹತ್ತಬಹುದು. ಯಾವತ್ತು ಅಂತ ನನ್ನ ಕೇಳ್ಬೇಡಿ."

ಫೋನಿಟ್ಟ ಮೇಲೆ ಮನೆ ತುಂಬ ದೊಡ್ಡದು ಅನ್ನಿಸಿತು. ಅವಳಿಲ್ಲದೆ ಆಗುತ್ತಿಲ್ಲ. ಇಲ್ಲಿ ಬರೆಯಲು ಏನು ನಾಚಿಕೆ.

ಜನವರಿ 10, ಶುಕ್ರವಾರ

ಬಸ್ಸಿನಲ್ಲಿ ಜೊಂಪು. ಕಿಟಕಿಯಾಚೆ ಬೀದಿ ದೀಪಗಳು ಇನ್ನೂ ಆರಿರಲಿಲ್ಲ, ಮಂಜಿನಲ್ಲಿ ಒಂದೊಂದೂ ಬೆಳ್ಳಗೆ ಹರಡಿಕೊಂಡಿತ್ತು. ಅಂಗಡಿಗಳಿಗೆ ಅಂಚಿಲ್ಲ, ಮರಗಳಿಗೆ ಬುಡವಿಲ್ಲ. ಹೆಗಲ ಮೇಲೆ ಅವಳ ತಲೆಯ ಭಾರ... ಅದೇ ಬಿಸಿ, ಅದೇ ಎಣ್ಣೆಯ ಕಂಪು. ಅಲುಗಾಡಿದರೆ ಎದ್ದುಬಿಡುತ್ತಾಳೆ ಅಂತ ಉಸಿರು ಬಿಗಿಹಿಡಿದೆ. ಕಣ್ಣು ಬಿಟ್ಟರೆ ಶಾಲು. ನಿದ್ದೆಯಲ್ಲಿ ನಾನೇ ಎತ್ತಿ ಹೆಗಲಿಗೆ ಹಾಕಿಕೊಂಡಿದ್ದೆ.

"ಶಾಲಿಗೂ ಒಂದು ಟಿಕೆಟ್ ಹರೀಲಾ ಸಾರ್?" ಅಂದ ಕಂಡಕ್ಟರ್. "ಹರಿ" ಅಂದೆ. ಅವನು ತಮಾಷೆಗೆ ಅಂದಿದ್ದ, ನಾನು ತಗೊಂಡೇಬಿಟ್ಟೆ. ಕಾಲೇಜು ಹುಡುಗಿಯರು ನನಗೆ ಶಾಲು ಅಂಕಲ್ ಅಂತ ಹೆಸರಿಟ್ಟಿದ್ದಾರೆ. ಇರಲಿ.

ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಜನರ ಕಣ್ಣಿನ ಮುಂದೆ ಗಾಜು ಬದಲಿಸುತ್ತ ಕೇಳುತ್ತೇನೆ — ಇದು ಚೆನ್ನಾಗಿ ಕಾಣುತ್ತಾ? ಇದು? ಮಧ್ಯಾಹ್ನ ಗಿರಾಕಿ ಇಲ್ಲದಾಗ ದಪ್ಪ ಗಾಜೊಂದನ್ನು ಕಣ್ಣಿಗಿಟ್ಟು ಬೀದಿ ನೋಡಿದೆ. ಎಲ್ಲ ಕಲಸಿಹೋಗಿ ಬರೀ ಬಣ್ಣಗಳು ನಡೆದಾಡುತ್ತಿದ್ದವು. ಯಾರು ಯಾರನ್ನು ತಳ್ಳಿದರು, ಯಾರು ಎಲ್ಲಿ ಉಗಿದರು, ಒಂದೂ ಕಾಣಲಿಲ್ಲ. ಹಾಯೆನಿಸಿತು.

ಜನವರಿ 20, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬಾಯಿ ಕಟ್ಟಿಕೊಳ್ಳುವುದೇ ಒಂದು ಉದ್ಯೋಗವಾಗಿತ್ತು. ಒಬ್ಬ ಕಿತ್ತಳೆ ಸುಲಿದು ಸಿಪ್ಪೆಯನ್ನು ಕಿಟಕಿ ಸಂದಿಗೆ ತುರುಕಿದ — ನುಂಗಿಕೊಂಡೆ. ಸೈಟು ಮಹಾನುಭಾವನ ವ್ಯವಹಾರ ಮುರಿದುಬಿತ್ತು, ಮತ್ತೆ ಕುದುರಿತು. ಎಲ್ಲ ಕೇಳಿಸಿಕೊಂಡೆ. ತುಟಿ ಪಿಟಕ್ ಅನ್ನಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಇವತ್ತು ಬೆಳಿಗ್ಗೆ ಟೀಚರಮ್ಮ ಹತ್ತಿದರು. ರಿಟೈರಾದವರು, ಶನಿವಾರ ನಮ್ಮ ಅಂಗಡಿಯಲ್ಲೇ ಹೊಸ ಕನ್ನಡಕ ತಗೊಂಡಿದ್ದರು. ಬಸ್ಸು ಭರ್ತಿ. ಕಂಬಿ ಹಿಡಿದು ನನ್ನ ಪಕ್ಕದಲ್ಲೇ ನಿಂತರು.

"ಯಾರ ಸೀಟು ಇದು?"

"ಬರ್ತಾರೆ ಮೇಡಂ."

ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ಶಾಲನ್ನು ನೋಡಿದರು. "ಅಂಗಡೀಲಿ ಚೆನ್ನಾಗಿ ಕಾಣುತ್ತಾ, ಚೆನ್ನಾಗಿ ಕಾಣುತ್ತಾ ಅಂತ ತಲೆ ತಿಂದೋರು ನೀವೇ ಅಲ್ವಾ? ಈಗ ಬಹಳ ಚೆನ್ನಾಗಿ ಕಾಣ್ತಾ ಇದೆಯಪ್ಪಾ. ಮನುಷ್ಯರು ನಿಂತಿದಾರೆ, ಬಟ್ಟೆ ಕೂತಿದೆ."

ಬಸ್ಸೆಲ್ಲ ಗೊಳ್ಳೆಂದು ನಕ್ಕಿತು. ಕೊನೆಗೆ ಎದ್ದು ಅವರಿಗೆ ಜಾಗ ಬಿಟ್ಟವನು ಯಾರು? ಸೈಟು ಮಹಾನುಭಾವ! ನಾನು ದಿನಾ ಬೈಯುವ ಅದೇ ಮನುಷ್ಯ. ನನ್ನ ಕೈ ಶಾಲಿನ ಮೇಲೇ ಇತ್ತು. ತೆಗೆಯಲಿಲ್ಲ. ತೆಗೆದರೆ ಅವಳು ಬರುವುದೇ ಇಲ್ಲ ಅಂತ ಯಾಕೋ ಭಯ.

ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಇವತ್ತು ಆ ಬಸ್ಸಿನಲ್ಲಿ ಎಲ್ಲರಿಗಿಂತ ನಾಚಿಕೆಗೇಡಿ ನಾನೇ. ಥೂ.

ಜನವರಿ 21, ಮಂಗಳವಾರ, ಮಧ್ಯಾಹ್ನ

ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ.

ಟೀಚರಮ್ಮ ಹತ್ತಿದ ಕೂಡಲೇ ಶಾಲು ಎತ್ತಿ, "ಬನ್ನಿ ಮೇಡಂ" ಅಂದೆ. "ಬಟ್ಟೆ ಎದ್ದಿತಾ?" ಅಂತ ಕೂತರು. ಎರಡು ಮಾತಾಡುವಷ್ಟರಲ್ಲಿ ನಿದ್ದೆ. ಕಿಟಕಿಯಿಂದ ಚಳಿ. ಶಾಲು ಹೊದಿಸಿದೆ. ಅವರ ತಲೆ ನನ್ನ ಹೆಗಲಿಗೆ ಬಂತು.

ನೀರಿನ ಟ್ಯಾಂಕ್ ಸ್ಟಾಪ್. ಮಂಜಿನಿಂದ ಒಬ್ಬೊಬ್ಬರೇ ಹತ್ತಿದರು. ಕೊನೆಯಲ್ಲಿ ಅವಳು.

ಇಷ್ಟು ದಿನ ಕಾದಿಟ್ಟ ಸೀಟು ಇವತ್ತೇ ಇಲ್ಲ! ಏಳೋಣವೆಂದರೆ ಹೆಗಲ ಮೇಲೆ ಟೀಚರಮ್ಮ. ಅವಳು ಬಂದು ಕಂಬಿ ಹಿಡಿದು ನಿಂತಳು. ಶಾಲು ನೋಡಿದಳು. ಕೈಯಲ್ಲಿದ್ದ ದಪ್ಪ ಬ್ಯಾಗನ್ನು ನನ್ನ ತೊಡೆಯ ಮೇಲಿಟ್ಟಳು, ನಿಂತವರು ಕೂತ ಯಾರಿಗೋ ಕೊಡುವ ಹಾಗೆ.

ಅಷ್ಟರಲ್ಲಿ ಹಿಂದೆ ಸ್ಪೀಕರ್ ಶುರು. "ಹಲೋ ಭಾವಾ!" ಹಲ್ಲು ಕಚ್ಚಿ ಬ್ಯಾಗನ್ನು ತಬ್ಬಿಕೊಂಡೆ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಅವಳೇ ಹಿಂದೆ ಬಾಗಿ, "ಸ್ವಲ್ಪ ಮೆತ್ತಗೆ ಮಾಡ್ತೀರಾ? ಇವರು ಮಲಗಿದಾರೆ" ಅಂದಳು.

"ಅಯ್ಯೋ, ಸಾರಿ ಮೇಡಂ." ಸ್ಪೀಕರ್ ಬಂದ್! "ಅಂದಹಾಗೆ ಈ ಸಾರ್ ಯಾಕೆ ಇತ್ತೀಚೆಗೆ ಬೈತಾ ಇಲ್ಲ? ಹುಷಾರಿಲ್ವಾ?"

ಅವಳು ಮುಖ ಆಚೆ ತಿರುಗಿಸಿದಳು. ಭುಜ ಕುಲುಕುತ್ತಿತ್ತು.

ಅವಳ ಆಫೀಸಿನ ಸ್ಟಾಪಿನಲ್ಲಿ ನೂಕುನುಗ್ಗಲು. ಬ್ಯಾಗು ಎತ್ತಿ ಚಾಚಿದೆ. ಅಷ್ಟರಲ್ಲಿ ಇಳಿದಾಗಿತ್ತು. ಬರಿಗೈ ಬೀಸಿಕೊಂಡು ಮಂಜಿನೊಳಗೆ ನಡೆದುಹೋದಳು. ತಿರುಗಿ ನೋಡಲಿಲ್ಲ.

ಮರೆತಳೋ, ಬಿಟ್ಟಳೋ? ಮದುವೆಯಾದಾಗಿನಿಂದ ಅವಳು ಒಂದು ಕರ್ಚೀಫನ್ನೂ ಮರೆತದ್ದು ನೆನಪಿಲ್ಲ. ಹಾಗಾದರೆ ಆ ಶಾಲು?

ಅದೇ ದಿನ, ಸಂಜೆ

ಬ್ಯಾಗು ಮೇಜಿನ ಮೇಲಿದೆ. ತೆರೆದಿಲ್ಲ. ಒತ್ತಿದರೆ ಮೆತ್ತಗಿದೆ, ಮಡಚಿದ ಬಟ್ಟೆಗಳು. ಆಫೀಸಿಗೆ ಇಷ್ಟು ಬಟ್ಟೆ ಯಾರು ಒಯ್ಯುತ್ತಾರೆ... ಬೇಡ, ಆಸೆ ಪಡುವುದು ಬೇಡ. ಟೀಚರಮ್ಮ ಇಳಿಯುವಾಗ ಕೊಟ್ಟ ಶಾಲನ್ನು ಅದರ ಮೇಲಿಟ್ಟೆ.

ಕಿಟಕಿಯಾಚೆ ಮತ್ತೆ ಮಂಜು ಇಳಿಯುತ್ತಿದೆ. ಕೆಳಮನೆಯವನು ಎಂದಿನಂತೆ ಗೇಟಿಗೆ ಅಡ್ಡವಾಗಿ ಸ್ಕೂಟರ್ ನಿಲ್ಲಿಸಿದ್ದಾನೆ. ಬೇರೆ ದಿನವಾಗಿದ್ದರೆ ಇಲ್ಲಿಂದಲೇ ಕೂಗುತ್ತಿದ್ದೆ. ಇಳಿದು ಹೋಗಿ ಹೇಳಬೇಕು, ಮೆತ್ತಗೆ.

ಗೇಟಿನ ಸದ್ದು. ಯಾರಿಗೋ ಒಳಗೆ ಬರಲಾಗುತ್ತಿಲ್ಲ.

"ಅಣ್ಣಾ, ಗಾಡಿ ಸ್ವಲ್ಪ ಆ ಕಡೆ ಹಾಕ್ತೀರಾ?"

ಈ ದನಿ ನನ್ನವಳದು!