ಮನೆಯವರಿಗೇ ಅನ್ನುವ ಮಾತು

ನಾಗಪುರ, ಮಹಾಲ್
ಅಕ್ಟೋಬರ್ ೧೦

ಪ್ರೀತಿಯ ಮೃದುಲಾ,

ಹೇಗಿದ್ದೀ? ಗುವಾಹಾಟಿಯ ನೀರು ಒಗ್ಗಿತೇ, ಬ್ಯಾಂಕಿನ ಕ್ಯಾಂಟೀನಿನ ಊಟ ಸೇರುತ್ತದೆಯೇ? ನನ್ನ ಮೊಣಕಾಲು ಮೊದಲಿನಂತೆಯೇ ಇದೆ. ಶ್ರೀಶನಿಗೆ ಖಾಪರಖೇಡಾದ ವಿದ್ಯುತ್ ಪ್ಲಾಂಟಿನಲ್ಲಿ ಈ ವಾರ ಎರಡನೇ ಪಾಳಿ. ಹೀಗಾಗಿ ಸಂಜೆಗೆ ನಾನು, ಖುಷಿ ಇಬ್ಬರೇ. ಫೋನಿನಲ್ಲಿ ಹೇಳಲು ಹೋದರೆ ನಿನ್ನ ಮಗಳು ಬಗಲಲ್ಲೇ ನಿಂತಿರುತ್ತಾಳೆ, ಅದಕ್ಕೇ ಈ ಪತ್ರ.

ಕಳೆದ ವಾರ ನೀನು ವಿಡಿಯೋ ಕಾಲ್ ಮಾಡಿ, ಹಾಲು ಕುಡಿದೆಯಾ, ತಲೆ ಬಾಚಿಕೊಂಡೆಯಾ ಎಂದು ಕೇಳುತ್ತಿದ್ದಾಗ ಅವಳು "ಮಮ್ಮಿ, ಯು ಆರ್ ಸೋ ಅನ್ನಾಯಿಂಗ್" ಎಂದು ಫೋನ್ ಇಟ್ಟುಬಿಟ್ಟಳು. ಅಂದಿನಿಂದ ನೀನು ಶ್ರೀಶನಿಗಷ್ಟೇ ಫೋನ್ ಮಾಡುತ್ತೀ. ನಿನಗೆ ಎಷ್ಟು ನೋವಾಗಿದೆಯೆಂದು ಅದರಿಂದಲೇ ತಿಳಿಯಿತು. ನನಗೆ ಆ ಶಬ್ದ ಗೊತ್ತಿರಲಿಲ್ಲ. ದೊಡ್ಡ ಬೈಗುಳವೇ ಇರಬೇಕೆಂದು ಮಹಡಿಯ ಮೇಲಿನ ಇಂದುಮತಿಯವರನ್ನು ಕೇಳಿದೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರಲ್ಲವೇ. "ಬೈಗುಳ ಅಲ್ರಿ. ಕಿರಿಕಿರಿ ಮಾಡೂವಂಥಾದ್ದಕ್ಕ ಅನ್ನಾಯಿಂಗ್ ಅಂತಾರ. ಕಿವಿ ಹತ್ರ ಗುಂಯ್ ಅನ್ನೋ ಸೊಳ್ಳಿ ಅನ್ನಾಯಿಂಗ್, ನಿದ್ದಿಗೆಟ್ಟ ನಾವು ಅನ್ನಾಯ್ಡ್. ಮಂದಿಗೂ ಅಂತಾರ, ಆದ್ರ ಹೊರಗಿನವರ ಮಾರಿ ಮುಂದ ಯಾರೂ ಅನ್ನೂದಿಲ್ಲ. ಮನಿಯವರಿಗೇ ಅನ್ನೂದು," ಎಂದರು. ಕೇಳಿ ನನ್ನ ಎದೆ ಸ್ವಲ್ಪ ಹಗುರಾಯಿತು. ನಿನ್ನದೂ ಆಗಲಿ ಎಂದು ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಖುಷಿ ನನ್ನ ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದಳು. ಅನ್ನ ಆರಿಹೋಯಿತು. ಉಣ್ಣು ಎಂದರೆ, "ಅಜ್ಜಿ, ಮಮ್ಮಿ ಖರೇನ ಸಿಟ್ಟಾಗ್ಯಾಳೇನು? ನಾ ಆಕಿ ಬ್ಯಾಡ ಅಂತ ಅಂದಿದ್ದಿಲ್ಲ," ಎಂದಳು. ನಾನು ಅವಳ ತಲೆ ಸವರಿದೆ. ಆಮೇಲೆ ನಿನ್ನ ಹಳದಿ ಓಢಣಿಯನ್ನು ದಿಂಬಿಗೆ ಸುತ್ತಿಕೊಂಡು ಮಲಗಿದಳು. ನನಗೂ ನಿನ್ನ ಮಾತು ಕೇಳದೆ ಮನೆ ಬಿಕೋ ಎನ್ನುತ್ತದೆ, ಮೃದುಲಾ. ಈಗಲೂ ಮರೆತು ನಿನ್ನ ಪಾಲಿನ ಚಹಾ ಸೋಸಿಬಿಡುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಸತ್ಯಭಾಮಾ

ತಾ.ಕ.: ದೀಪಾವಳಿಗೆ ನಿನಗೆ ರಜೆ ಸಿಗುವುದಿಲ್ಲವೆಂದು ಶ್ರೀಶ ಹೇಳಿದ. ಅದಕ್ಕೆ ನಾವು ಮೂವರೂ ನಿನ್ನಲ್ಲಿಗೇ ಬರುತ್ತೇವೆ, ರೈಲಿನ ಟಿಕೆಟ್ ಆಗಿದೆ. ಖುಷಿಗೆ ಇನ್ನೂ ಯಾರೂ ಹೇಳಿಲ್ಲ. ಆ ಸುದ್ದಿಯನ್ನು ನಿನಗಾಗಿ ಇಟ್ಟಿದ್ದೇನೆ. ಈ ಪತ್ರ ಸೇರಿದ ದಿನವೇ ಅವಳಿಗೆ ಫೋನ್ ಮಾಡಿ ಹೇಳು.